ಸಿರಿಂಜಿನಿಂದ ಪ್ಲಂಜರ್ ಕಳಚಿದ ಮಧ್ಯಾಹ್ನ: ಟರ್ಶಿಯರಿ ಬ್ಯೂಟೈಲ್ ಲಿಥಿಯಂ ಬೆಂಕಿಯ ಒಂದು ಪ್ರಕರಣ

2008ರ ಡಿಸೆಂಬರ್ 29, ಸೋಮವಾರ. ಊರು ಲಾಸ್ ಏಂಜಲೀಸ್. ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವಿನ ರಜೆಯ ದಿನಗಳು. ಯುಸಿಎಲ್‌ಎ ಎಂದು ಎಲ್ಲರೂ ಕರೆಯುವ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಕೆಮಿಸ್ಟ್ರಿ ಲ್ಯಾಬ್‌ನಲ್ಲಿ 23 ವರ್ಷದ ಶೆಹರ್‌ಬಾನೋ ಸಂಗ್ಜಿ ಫ್ಯೂಮ್ ಹುಡ್ (ಹೊಗೆ, ಆವಿಯನ್ನು ಹೊರಗೆ ಎಳೆಯುವ, ಮುಂದೆ ಗಾಜಿರುವ ಗೂಡು) ಮುಂದೆ ನಿಂತು, ಒಂದು ಬಾಟಲಿಯಿಂದ ಸಿರಿಂಜಿಗೆ ದ್ರಾವಣ ತೆಗೆಯುತ್ತಿದ್ದಳು. ಗೆಳೆಯರಿಗೆಲ್ಲ ಆಕೆ ಶೆರಿ. ಗಂಟೆ ಮೂರಾಗುತ್ತಾ ಬಂದಿತ್ತು. ಪ್ಲಂಜರ್, ಅಂದರೆ ಎಳೆಯುವ ಒಳದಂಡ, ಸಿರಿಂಜಿನ ಕೊಳವೆಯಿಂದ ಪೂರ್ತಿ ಕಳಚಿ ಬಂತು. ಒಳಗಿದ್ದ ದ್ರಾವಣ ಗಾಳಿಗೆ ಸೋಕಿದ್ದೇ ತಡ, ಹೊತ್ತಿಕೊಂಡಿತು. ಬೆಂಕಿಕಡ್ಡಿ, ಬರ್ನರ್, ಕಿಡಿ ಯಾವುದೂ ಅದಕ್ಕೆ ಬೇಕಾಗಲಿಲ್ಲ.

18 ದಿನ ಒದ್ದಾಡಿ, 2009ರ ಜನವರಿ 16ರಂದು ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು.

ನಾನು ಬೆಂಗಳೂರಿನ ಹೊರವಲಯದ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಬೇರೆ ಕಂಪನಿಗಳಿಗೆ ಬೇಕಾದ ಮಾಲಿಕ್ಯೂಲ್ ಮಾಡಿಕೊಡುವ ಕೆಲಸ. ಇದೇ ಕುಟುಂಬದ ರಾಸಾಯನಿಕಗಳನ್ನು ಹೆಚ್ಚುಕಡಿಮೆ ಪ್ರತಿ ವಾರ ಕೈಯಲ್ಲಿ ಹಿಡಿಯುತ್ತೇನೆ. ಎಂಎಸ್‌ಸಿ ಮುಗಿಸಿ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಈ ಪ್ರಕರಣ ಹೇಳದೆ ಬಾಟಲಿ ಮುಟ್ಟಲು ಬಿಡುವುದಿಲ್ಲ. ಹೆದರಿಸಬೇಕು ಅಂತ ಅಲ್ಲ. ಹೆದರಿದ ಕೈ ನಡುಗುತ್ತದೆ, ಅದು ಇನ್ನೂ ಅಪಾಯ. ಈ ರಾಸಾಯನಿಕವನ್ನು ಓದಿ ಕಲಿಯಲು ಆಗುವುದಿಲ್ಲ, ಪಕ್ಕದಲ್ಲಿ ಒಬ್ಬರು ನಿಂತು ಕೈ ಹಿಡಿದು ಕಲಿಸಬೇಕು, ಅಂಥವರು ಇಲ್ಲದ ದಿನ ಕೆಲಸ ನಿಲ್ಲಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನನಗೆ ಗೊತ್ತಿಲ್ಲ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ.

ಪಿಯುಸಿ, ಬಿಎಸ್‌ಸಿಯಲ್ಲಿ ಲಸ್ಸೇನ್ ಟೆಸ್ಟ್ ಮಾಡಿದವರಿಗೆ ಸೋಡಿಯಂ ಗೊತ್ತಿರುತ್ತದೆ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ತುಂಡು, ಇಕ್ಕಳದಲ್ಲಿ ಎತ್ತಿ, ಫಿಲ್ಟರ್ ಪೇಪರಿನಲ್ಲಿ ಒರೆಸಿ, ಚಾಕುವಿನಲ್ಲಿ ಕೊಯ್ದರೆ ಒಳಗೆ ಬೆಳ್ಳಿಯ ಹೊಳಪು. ಯಾರೋ ಒಬ್ಬ ತುಂಡನ್ನು ಸಿಂಕಿಗೆ ಎಸೆದು ಡಬ್ ಅನ್ನಿಸಿ ಬೈಸಿಕೊಂಡ ಕಥೆ ಪ್ರತಿ ಕಾಲೇಜಿನಲ್ಲೂ ಇದೆ, ಅಲ್ವಾ? ಆ ಸೋಡಿಯಂಗೂ ಗಾಳಿಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಇರುವ ತಾಳ್ಮೆ ಇದೆ. ಟರ್ಶಿಯರಿ ಬ್ಯೂಟೈಲ್ ಲಿಥಿಯಂಗೆ ಅದೂ ಇಲ್ಲ. ನಾವು ಲ್ಯಾಬ್‌ನವರು ಇದನ್ನು ಟಿ-ಬ್ಯೂಲಿ ಅನ್ನುತ್ತೇವೆ. ಗಾಳಿಯ ಆಮ್ಲಜನಕ ತಾಗಿದರೂ ಸರಿ, ತೇವ ತಾಗಿದರೂ ಸರಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಂಥವನ್ನು ಪೈರೋಫೋರಿಕ್ ಎಂದು ಕರೆಯುತ್ತಾರೆ. ಗಾಳಿಗೆ ತೆರೆದ ಐದು ನಿಮಿಷದೊಳಗೆ ತಾನೇ ಹೊತ್ತಿಕೊಳ್ಳುವ ವಸ್ತುವಿಗೆ ಈ ಹೆಸರು. ಟಿ-ಬ್ಯೂಲಿಗೆ ಐದು ನಿಮಿಷ ಎಲ್ಲಿ, ಹನಿ ನೆಲ ಮುಟ್ಟುವುದರೊಳಗೆ ಉರಿ ಕಾಣುತ್ತದೆ.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಬಾಟಲಿಯಲ್ಲಿ ಇರುವುದು ಶುದ್ಧ ಟಿ-ಬ್ಯೂಲಿ ಅಲ್ಲ, ಪೆಂಟೇನ್‌ನಲ್ಲಿ ಕರಗಿಸಿದ, ಸುಮಾರು 1.7 ಮೋಲಾರ್ ಸಾಂದ್ರತೆಯ ದ್ರಾವಣ. ಅಂದರೆ ಹೆಚ್ಚಿನ ಪಾಲು ಪೆಂಟೇನೇ. ಪೆಂಟೇನ್ ಕುದಿಯುವುದು 36 ಡಿಗ್ರಿ ಸೆಲ್ಸಿಯಸ್‌ಗೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಮೇಜಿನ ಮೇಲೆ ಇಟ್ಟರೆ ತಾನಾಗಿ ಕುದಿಯಲು ಶುರುವಾಗುತ್ತದೆ. ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ತಾಪ, ಸೊನ್ನೆಗಿಂತ 49 ಡಿಗ್ರಿ ಕೆಳಗೆ. ಆವಿ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ಮೇಲೆ ಹೋಗುವುದಿಲ್ಲ, ಮೇಜಿನ ಮೇಲೆ, ನೆಲದ ಮೇಲೆ ಹರಡುತ್ತದೆ. ಒಂದೇ ಬಾಟಲಿಯಲ್ಲಿ ಬೆಂಕಿಕಡ್ಡಿಯನ್ನೂ ಪೆಟ್ರೋಲನ್ನೂ ಒಟ್ಟಿಗೆ ತುಂಬಿಟ್ಟ ಹಾಗೆ ಇದು. ಗಾಳಿ ಒಳಗೆ ಹೋಗದ ತನಕ ಮಾತ್ರ ಶಾಂತ.

ಹಾಗಿದ್ದರೆ ಇದನ್ನು ಯಾಕೆ ಬಳಸಬೇಕು? ಬೇರೆ ಬಹಳಷ್ಟಕ್ಕೆ ಸಾಧ್ಯವಾಗದ ಕೆಲಸವನ್ನು ಇದು ಮಾಡುತ್ತದೆ. ಅಂದು ಶೆರಿ ಮಾಡಲು ಹೊರಟಿದ್ದು ವಿನೈಲ್ ಬ್ರೋಮೈಡ್‌ನಿಂದ ವಿನೈಲ್ ಲಿಥಿಯಂ, ಅದನ್ನು ಮುಂದೆ ಒಂದು ಕೀಟೋನ್‌ಗೆ ಸೇರಿಸುವುದು. ಈ ಕ್ರಿಯೆಗೆ ಟಿ-ಬ್ಯೂಲಿ ಎರಡು ಪಾಲು ಬೇಕು. ಒಂದು ಪಾಲು ಬ್ರೋಮಿನ್ ತೆಗೆದು ಲಿಥಿಯಂ ಕೂರಿಸುತ್ತದೆ, ಆಗ ಹುಟ್ಟುವ ಟರ್ಶಿಯರಿ ಬ್ಯೂಟೈಲ್ ಬ್ರೋಮೈಡ್ ಮತ್ತೆ ಕೆಲಸ ಕೆಡಿಸದಂತೆ ಇನ್ನೊಂದು ಪಾಲು ಅದನ್ನು ಮುಗಿಸುತ್ತದೆ. ಹಾಗಾಗಿ ಲೆಕ್ಕ ಹಾಕಿದಾಗ ಬೇಕಾಗುವ ಪ್ರಮಾಣ ಯಾವಾಗಲೂ ಮೊದಲು ಅಂದುಕೊಂಡದ್ದಕ್ಕಿಂತ ದೊಡ್ಡದು. ಬಹಳಷ್ಟು ಕೀಟೋನ್‌ಗಳಿಗೆ ಇದೇ ವಿನೈಲ್ ಗುಂಪನ್ನು ಗ್ರಿನ್ಯಾರ್ಡ್ ಎಂಬ ಮೆಗ್ನೀಸಿಯಂ ರಾಸಾಯನಿಕ ಬಳಸಿಯೂ ಸೇರಿಸಬಹುದು. ವಿನೈಲ್ ಮೆಗ್ನೀಸಿಯಂ ಬ್ರೋಮೈಡ್ ರೆಡಿಮೇಡ್ ಬಾಟಲಿಯಲ್ಲೇ ಸಿಗುತ್ತದೆ. ಅದಕ್ಕೂ ಬೆಂಕಿ ಹಿಡಿಯುತ್ತದೆ, ಆದರೆ ಹೀಗೆ ಗಾಳಿಗೆ ಬಿದ್ದ ಕೂಡಲೇ ತಾನಾಗಿ ಉರಿಯುವ ಸ್ವಭಾವ ಅದರದ್ದಲ್ಲ. ನಮ್ಮ ಲ್ಯಾಬ್‌ನಲ್ಲಿ ಯಾರಾದರೂ ಟಿ-ಬ್ಯೂಲಿ ಕೇಳಿಕೊಂಡು ಬಂದರೆ ನನ್ನ ಮೊದಲ ಪ್ರಶ್ನೆ ಇದೇ: ಗ್ರಿನ್ಯಾರ್ಡ್ ಯಾಕೆ ಬೇಡ? ಉತ್ತರ ಇದ್ದರೆ ಸರಿ. ಎಷ್ಟೋ ಸಲ ಉತ್ತರ ಇರುವುದಿಲ್ಲ, ಪೇಪರಿನಲ್ಲಿ ಹಾಗೆ ಇತ್ತು ಅನ್ನುತ್ತಾರೆ.

ಈಗ ಸಿರಿಂಜಿನ ವಿಷಯ. ಇಡೀ ಪ್ರಕರಣದ ಜೀವ ಇಲ್ಲೇ ಇದೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶೆರಿ ಬಳಸಿದ್ದು 60 ಮಿ.ಲೀ. ಪ್ಲಾಸ್ಟಿಕ್ ಸಿರಿಂಜ್. ಅದಕ್ಕೆ ಸುಮಾರು 2 ಇಂಚಿನ ಗಿಡ್ಡ ಸೂಜಿ. ಅಂದು ಬೇಕಾಗಿದ್ದ ಒಟ್ಟು ದ್ರಾವಣ ಸುಮಾರು 160 ಮಿ.ಲೀ. ಅಂದರೆ ಸಲಕ್ಕೆ 50ರ ಆಸುಪಾಸು, ಮೂರು ಸಲ ಎಳೆಯಬೇಕು. ಈ ಮೂರು ಅಂಕಿಗಳನ್ನು ನೋಡಿದರೆ ಸಾಕು, ಈ ಕೆಲಸ ಗೊತ್ತಿರುವವರಿಗೆ ಎದೆ ಧಸಕ್ ಅನ್ನುತ್ತದೆ.

ಸೂಜಿ ಗಿಡ್ಡ ಇದ್ದರೆ ಬಾಟಲಿಯ ತಳ ಮುಟ್ಟುವುದಿಲ್ಲ. ಬಾಟಲಿಯನ್ನು ವಾಲಿಸಬೇಕು, ಇಲ್ಲವೇ ತಲೆಕೆಳಗು ಮಾಡಬೇಕು. ಆಗ ಒಂದು ಕೈ ಬಾಟಲಿಗೆ ಹೋಯಿತು. ಉಳಿದ ಒಂದೇ ಕೈಯಲ್ಲಿ ಸಿರಿಂಜ್ ಹಿಡಿದು, ಅದೇ ಕೈಯ ಬೆರಳಲ್ಲಿ ಪ್ಲಂಜರ್ ಎಳೆಯಬೇಕು. 60 ಮಿ.ಲೀ. ಸಿರಿಂಜ್ ಕೈಯಲ್ಲಿ ಹಿಡಿದವರಿಗೆ ಗೊತ್ತು, ಅದು ಎಷ್ಟು ದಪ್ಪ, ಪೂರ್ತಿ ಎಳೆದಾಗ ಎಷ್ಟು ಉದ್ದ ಆಗುತ್ತದೆ ಅಂತ. ಅಷ್ಟು ಉದ್ದಕ್ಕೆ ನಮ್ಮ ಅಂಗೈ ಸಾಲುವುದೇ ಇಲ್ಲ. ಜೊತೆಗೆ ರಬ್ಬರ್ ತುದಿ ಪೆಂಟೇನ್, ಹೆಕ್ಸೇನ್ ಹೀರಿಕೊಂಡು ಊದಿಕೊಳ್ಳುತ್ತದೆ. ಮೊದಲು ನುಣುಪಾಗಿ ಜಾರುತ್ತಿದ್ದ ಪ್ಲಂಜರ್ ಆಮೇಲೆ ಕಚ್ಚಿಕೊಂಡು, ಜೋರು ಮಾಡಿದಾಗ ಜರ್ ಅಂತ ಒಂದೇ ಸಲ ಬರುತ್ತದೆ. ಕೊಳವೆಯ ಬಾಯಲ್ಲಿ ತಡೆಯುವ ಅಂಚು ಇರುತ್ತದೆ, ನಿಜ, ಆದರೆ ಅದು ಬಹಳ ಸಣ್ಣದು. 50ರ ಗೆರೆ ದಾಟಿದ ಮೇಲೆ ಅಲ್ಲಿಗೆ ಉಳಿಯುವ ದಾರಿ ಎರಡು ಬೆರಳಗಲವೂ ಇಲ್ಲ.

ಸರಿಯಾದ ಕ್ರಮದಲ್ಲಿ ನಾವು ಪ್ಲಂಜರ್ ಎಳೆಯುವುದೇ ಇಲ್ಲ. ಇದನ್ನು ಕೇಳಿದಾಗ ಹೊಸಬರು ನನ್ನ ಮುಖ ನೋಡುತ್ತಾರೆ. ಬಾಟಲಿಯನ್ನು ಸ್ಟ್ಯಾಂಡಿಗೆ ಕ್ಲ್ಯಾಂಪ್ ಮಾಡಿ ಕೂರಿಸಿ, ಸೆಪ್ಟಮ್ (ಬಾಟಲಿಯ ಬಾಯಿ ಮುಚ್ಚುವ, ಸೂಜಿ ಚುಚ್ಚಬಹುದಾದ ರಬ್ಬರ್ ಬಿರಡೆ) ಮೂಲಕ ಒಂದು ಸಣ್ಣ ಸೂಜಿಯಲ್ಲಿ ಒಣ ನೈಟ್ರೋಜನ್ ಅನ್ನು ಮೆಲ್ಲಗೆ ಬಿಡುತ್ತೇವೆ. ಇನ್ನೊಂದು ಕಡೆಯಿಂದ ಒಂದಡಿಗಿಂತ ಉದ್ದದ, ಬಾಗುವ ಸೂಜಿ ಇಳಿಸಿ ದ್ರಾವಣದಲ್ಲಿ ಮುಳುಗಿಸುತ್ತೇವೆ. ಒಳಗಿನ ನೈಟ್ರೋಜನ್ ಒತ್ತಡಕ್ಕೆ ದ್ರಾವಣ ತಾನಾಗಿ ಸೂಜಿಯೊಳಗೆ ಏರುತ್ತದೆ, ಪ್ಲಂಜರನ್ನು ತಾನಾಗಿ ಹಿಂದಕ್ಕೆ ತಳ್ಳುತ್ತದೆ. ನಮ್ಮ ಹೆಬ್ಬೆರಳಿನ ಕೆಲಸ ಅದನ್ನು ತಡೆದು ಹಿಡಿಯುವುದು. ಬೇಕಾದಷ್ಟು ಬಂದ ಮೇಲೆ ಸೂಜಿಯನ್ನು ದ್ರಾವಣದಿಂದ ಮೇಲೆತ್ತಿ, ಬಾಟಲಿಯೊಳಗಿನ ಖಾಲಿ ಜಾಗದಿಂದ ಒಂದಿಷ್ಟು ನೈಟ್ರೋಜನ್ ಕುಡಿಸಬೇಕು. ಸೂಜಿಯೊಳಗೆ ದ್ರಾವಣದ ಬದಲು ನೈಟ್ರೋಜನ್ ನಿಂತರೆ, ಸೆಪ್ಟಮ್‌ನಿಂದ ಹೊರಗೆ ತೆಗೆದಾಗ ಹನಿ ತೊಟ್ಟಿಕ್ಕುವುದಿಲ್ಲ. ಸಿರಿಂಜ್ ಯಾವತ್ತೂ ಬೇಕಾದ ಅಳತೆಯ ಎರಡು ಪಟ್ಟು ದೊಡ್ಡದಿರಬೇಕು. ಸೂಜಿ ತಿರುಗಿಸಿ ಲಾಕ್ ಆಗುವ ಬಗೆಯದ್ದೇ ಆಗಿರಬೇಕು, ಸುಮ್ನೆ ಒತ್ತಿ ಕೂರಿಸುವುದಲ್ಲ. ಸೂಜಿಯ ತುದಿಯಲ್ಲಿ ಬಿಳಿ ಪುಡಿ ಕಟ್ಟಿ ಮುಚ್ಚಿಹೋಗುವುದುಂಟು, ಆಗ ಪ್ಲಂಜರ್ ಒತ್ತಿದರೆ ಸಡಿಲ ಸೂಜಿ ಹಾರಿ ದ್ರಾವಣ ಚಿಮ್ಮುತ್ತದೆ.

50 ಮಿ.ಲೀ. ದಾಟಿತು ಅಂದರೆ ಸಿರಿಂಜೇ ಬೇಡ. ಕ್ಯಾನ್ಯುಲಾ ಬಳಸಬೇಕು, ಅಂದರೆ ಎರಡೂ ತುದಿ ಚೂಪಾದ ಉದ್ದನೆಯ ಸ್ಟೀಲ್ ಕೊಳವೆ. ಒಂದು ತುದಿ ಬಾಟಲಿಯಲ್ಲಿ, ಇನ್ನೊಂದು ತುದಿ ಸೆಪ್ಟಮ್ ಹಾಕಿ ಮುಚ್ಚಿದ ಅಳತೆಯ ಪಾತ್ರೆಯಲ್ಲಿ. ನೈಟ್ರೋಜನ್ ಒತ್ತಡ ದ್ರಾವಣವನ್ನು ಅಲ್ಲಿಂದ ಇಲ್ಲಿಗೆ ಸಾಗಿಸುತ್ತದೆ, ಕೈ ಅದರ ಹತ್ತಿರವೂ ಹೋಗಬೇಕಿಲ್ಲ. ಇದು ನಾನು ಕಂಡುಹಿಡಿದದ್ದಲ್ಲ. ಈ ರಾಸಾಯನಿಕ ಮಾರುವವರು ಕೊಡುವ ತಾಂತ್ರಿಕ ಹಾಳೆಯಲ್ಲೇ ಚಿತ್ರ ಸಮೇತ ಇರುತ್ತದೆ. ಆದರೆ ಆ ಹಾಳೆ ಓದಿದವರೆಲ್ಲ ಕ್ಯಾನ್ಯುಲಾ ಹಾಕಬಲ್ಲರು ಅಂದುಕೊಂಡರೆ, ಈಜಿನ ಪುಸ್ತಕ ಓದಿ ಬಾವಿಗೆ ಹಾರಿದ ಹಾಗೆ.

ನನಗೆ ಇದನ್ನು ಕಲಿಸಿದ್ದು ಉಡುಪಿ ಕಡೆಯ ಒಬ್ಬ ಸೀನಿಯರ್. ಮೊದಲ ದಿನ ಬ್ಯೂಟೈಲ್ ಲಿಥಿಯಂ ಬಾಟಲಿ ತೆಗೆಯಲು ಫ್ರಿಜ್ ಕಡೆ ಹೋದೆ. ಅವರು ಅಲ್ಲೇ ತಡೆದು, "ಎಲ್ಲಿಗೆ ಮಾರಾಯ? ಮೊದಲು ಹೆಕ್ಸೇನ್ ತಾ," ಅಂದರು. ಖಾಲಿ ಬಾಟಲಿಗೆ ಬರೀ ಹೆಕ್ಸೇನ್ ತುಂಬಿ, ಸೆಪ್ಟಮ್ ಹಾಕಿ, ಅರ್ಧ ದಿನ ನನ್ನಿಂದ ಅದನ್ನೇ ತೆಗೆಸಿದರು. ನೈಟ್ರೋಜನ್ ಜಾಸ್ತಿ ಬಿಟ್ಟೆ, ಪ್ಲಂಜರ್ ಗುಂಡಿನ ಹಾಗೆ ಹಿಂದಕ್ಕೆ ಬಂತು. ಕಮ್ಮಿ ಬಿಟ್ಟೆ, ದ್ರಾವಣ ಬರಲೇ ಇಲ್ಲ, ನಾನು ಎಳೆಯಲು ಶುರು ಮಾಡಿದೆ. "ಎಳೀಬೇಡ, ಎಳೀಬೇಡ. ಅದಾಗಿ ಬರ್ಲಿ," ಅನ್ನುತ್ತಾ ನನ್ನ ಹೆಬ್ಬೆರಳ ಮೇಲೆ ಅವರ ಹೆಬ್ಬೆರಳಿಟ್ಟು ಎಷ್ಟು ಬಲ ಸಾಕು ಅಂತ ತೋರಿಸಿದರು. ಆ ಒತ್ತುವಿಕೆಯ ಅಳತೆಯನ್ನು ಇವತ್ತಿಗೂ ಪದಗಳಲ್ಲಿ ಹೇಳಲು ನನಗೆ ಬರುವುದಿಲ್ಲ, ಬೆರಳಿಗೆ ಮಾತ್ರ ನೆನಪಿದೆ. ಮರುದಿನ ನಿಜವಾದ ಬಾಟಲಿ. ಸೂಜಿ ಹೊರಗೆ ತೆಗೆದಾಗ ತುದಿಯಲ್ಲಿ ಅಕ್ಕಿ ಕಾಳಿನಷ್ಟು ಉರಿ ಕಾಣಿಸಿತು. ಕೈ ಹಿಂದಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಅವರು ನನ್ನ ಮೊಣಕೈ ಹಿಡಿದುಕೊಂಡಿದ್ದರು. "ನೋಡಿದೆಯಾ? ಇಷ್ಟೇ. ಗಾಬರಿ ಬೇಡ, ಸೆಪ್ಟಮ್ ಒಳಗೆ ತೂರಿಸು." ತೂರಿಸಿದೆ, ಆರಿತು. ಅವರು ಮೊಣಕೈ ಹಿಡಿಯದೆ ಇದ್ದಿದ್ದರೆ ನಾನು ಸಿರಿಂಜ್ ಬಿಸಾಡುತ್ತಿದ್ದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಶೆರಿಗೆ ಆ ಮೊಣಕೈ ಹಿಡಿಯುವವರು ಇರಲಿಲ್ಲ.

ಆಕೆ ಕೆಲಸಕ್ಕೆ ಸೇರಿದ್ದು 2008ರ ಅಕ್ಟೋಬರ್‌ನಲ್ಲಿ. ಅದೇ ವರ್ಷ ಪೊಮೋನಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಪದವಿ ಮುಗಿಸಿದ್ದಳು, ಮುಂದೆ ಕಾನೂನು ಓದುವ ಆಸೆ ಇತ್ತು. ಸೇರಿದ ಕೆಲವೇ ದಿನಕ್ಕೆ, ಅಕ್ಟೋಬರ್‌ನಲ್ಲೇ, ಇದೇ ರಿಯಾಕ್ಷನ್ ಅನ್ನು ಸಣ್ಣ ಪ್ರಮಾಣದಲ್ಲಿ ಒಮ್ಮೆ ಮಾಡಿದ್ದಳು. ಏನೂ ಆಗಲಿಲ್ಲ, ಪ್ರಾಡಕ್ಟ್ ಬಂತು. ಡಿಸೆಂಬರ್‌ನಲ್ಲಿ ಮಾಡಲು ಹೊರಟಿದ್ದು ಅದರ ಮೂರು ಪಟ್ಟು.

ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಅತ್ಯಂತ ಅಪಾಯಕಾರಿ ಸಂಗತಿ ಅಕ್ಟೋಬರ್‌ನ ಆ ಯಶಸ್ಸು. ಒಂದು ಸಲ ಸರಿಯಾಗಿ ಬಂತು ಅಂದರೆ ಎಲ್ಲರೂ ನಿರಾಳ ಆಗಿಬಿಡುತ್ತಾರೆ, ಮಾಡಿದವರೂ, ಮಾಡಿಸಿದವರೂ. ಅವಳಿಗೆ ಬರುತ್ತದೆ ಅಂತ ಒಂದು ಮುದ್ರೆ ಬೀಳುತ್ತದೆ. ತಪ್ಪು ವಿಧಾನದಲ್ಲಿ ಮಾಡಿಯೂ ಏನೂ ಆಗದೆ ಉಳಿದಿರಬಹುದು ಅನ್ನುವ ಯೋಚನೆ ಯಾರಿಗೂ ಬರುವುದಿಲ್ಲ. ಮತ್ತೆ, ಮೂರು ಪಟ್ಟು ಅಂದರೆ ಅಪಾಯವೂ ಬರೀ ಮೂರು ಪಟ್ಟು ಅಲ್ಲ. ಒಂದು ಸಲ ತುಂಬುವ ಬದಲು ಮತ್ತೆ ಮತ್ತೆ ತುಂಬಬೇಕು. ಅದೇ ಸೆಪ್ಟಮ್ ಮೂರು ಸಲ ಚುಚ್ಚಿಸಿಕೊಳ್ಳುತ್ತದೆ, ಅದೇ ರಬ್ಬರ್ ಮೂರು ಸಲ ನೆನೆಯುತ್ತದೆ, ಅದೇ ಕೈ ಮೂರು ಸಲ ಸುಸ್ತಾಗುತ್ತದೆ. ಒಂದು ಲೋಟ ಮಜ್ಜಿಗೆ ಕಡೆಯುವ ಚಮಚದಲ್ಲೇ ಮದುವೆ ಮನೆಯ ಹಂಡೆ ಮಜ್ಜಿಗೆ ಕಡೆಯಲು ಹೋಗುವುದಿಲ್ಲ ತಾನೆ? ಪಾತ್ರೆ, ಕೋಲು, ಮನುಷ್ಯರು ಎಲ್ಲ ಬದಲಾಗುತ್ತಾರೆ. ಲ್ಯಾಬ್‌ನಲ್ಲಿ ಮಾತ್ರ ನೋಟ್‌ಬುಕ್‌ನಲ್ಲಿ ಅಂಕಿಗಳನ್ನು ಮೂರರಿಂದ ಗುಣಿಸಿ ಕೆಲಸ ಶುರು ಮಾಡಿಬಿಡುತ್ತೇವೆ.

ತನಿಖೆ ಮಾಡಿದವರಿಗೆ ಆಕೆಗೆ ಸುರಕ್ಷತೆಯ ತರಬೇತಿ ಕೊಟ್ಟ ಬಗ್ಗೆ ಒಂದು ದಾಖಲೆಯೂ ಸಿಗಲಿಲ್ಲ.

ಬೆಂಕಿ ಹತ್ತಿದ ಮೇಲಿನದು ಕೆಲವೇ ನಿಮಿಷಗಳ ಕಥೆ. ಹುಡ್‌ನಲ್ಲಿ ಮುಚ್ಚಳವಿಲ್ಲದ ಒಂದು ಫ್ಲಾಸ್ಕಿನಲ್ಲಿ ಹೆಕ್ಸೇನ್ ಇತ್ತು, ಅದು ಉರುಳಿತು, ಅದಕ್ಕೂ ಹೊತ್ತಿಕೊಂಡಿತು. ಇದಕ್ಕೆ ನಾನು ಜಾಸ್ತಿ ಹೇಳಬೇಕಿಲ್ಲ. ಪೈರೋಫೋರಿಕ್ ತೆಗೆಯುವ ಹುಡ್ ಬೋಳಾಗಿರಬೇಕು, ಅಲ್ಲಿ ಬೇರೊಂದು ಸಾಲ್ವೆಂಟ್ (ದ್ರಾವಕ) ಬಾಟಲಿ, ಟಿಶ್ಯೂ, ಹತ್ತಿ, ಏನೂ ಇರಬಾರದು.

ಆಕೆ ಕೈಗೆ ಹಾಕಿದ್ದು ನೈಟ್ರೈಲ್ ಗ್ಲೋವ್ಸ್. ಮೈಮೇಲೆ ಸಿಂಥೆಟಿಕ್ ಸ್ವೆಟರ್. ಲ್ಯಾಬ್ ಕೋಟ್ ಇರಲಿಲ್ಲ.

ನಮ್ಮ ಕಡೆ ಲ್ಯಾಬ್ ಕೋಟಿಗೆ ಏಪ್ರನ್ ಅನ್ನುವುದು ರೂಢಿ. ಪ್ರಾಕ್ಟಿಕಲ್ ದಿನ ಏಪ್ರನ್ ಮರೆತು ಬಂದರೆ ಲೆಕ್ಚರರ್ ಹೊರಗೆ ನಿಲ್ಲಿಸುತ್ತಿದ್ದರು, ಆಗ ಅದು ಬರೀ ಶಿಸ್ತು ಅಂತ ಅನಿಸುತ್ತಿತ್ತು. ಆದರೆ ದೀಪಾವಳಿಗೆ ಪಟಾಕಿ ಹಚ್ಚಲು ಹೊರಟಾಗ ಮನೆಯಲ್ಲಿ ಅಮ್ಮ ಹೇಳುತ್ತಿದ್ದದ್ದನ್ನು ನೆನಪು ಮಾಡಿಕೊಳ್ಳಿ: ಆ ಜರಿಲಂಗ, ಆ ನೈಲಾನ್ ದುಪಟ್ಟಾ ಬೇಡ, ಹತ್ತಿ ಬಟ್ಟೆ ಹಾಕ್ಕೊಂಡು ಹೋಗು. ಅಮ್ಮನಿಗೆ ಪಾಲಿಮರ್ ಗೊತ್ತಿರಲಿಲ್ಲ, ಬೆಂಕಿ ಗೊತ್ತಿತ್ತು. ಸಿಂಥೆಟಿಕ್ ಬಟ್ಟೆ ಉರಿಯುವುದರ ಜೊತೆಗೆ ಕರಗುತ್ತದೆ, ಕರಗಿ ಚರ್ಮಕ್ಕೆ ಅಂಟುತ್ತದೆ, ಅಂಟಿದ ಮೇಲೆ ಕಿತ್ತು ತೆಗೆಯಲು ಆಗುವುದಿಲ್ಲ. ಶೆರಿಯ ಕೈಗಳು, ತೋಳು, ಎದೆಯ ಭಾಗ ಸೇರಿ ಮೈಯ ಶೇ. 40ಕ್ಕೂ ಹೆಚ್ಚು ಸುಟ್ಟಿತು. ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆಯ ಕೋಟ್ ಇದ್ದಿದ್ದರೆ, ಕಡೇ ಪಕ್ಷ ದಪ್ಪ ಹತ್ತಿಯ ಕೋಟ್ ಇದ್ದಿದ್ದರೆ, ಬೆಂಕಿ ಮೈ ಮುಟ್ಟುವ ಮೊದಲು ಕೆಲವು ಸೆಕೆಂಡು ಸಿಗುತ್ತಿತ್ತು, ಅಷ್ಟರಲ್ಲಿ ಬಿಚ್ಚಿ ಎಸೆಯಬಹುದಿತ್ತು.

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುವ ಒಂದು ಸಂಗತಿ ಇದೆ. ಅಪಘಾತಕ್ಕೆ ಎರಡು ತಿಂಗಳ ಹಿಂದೆ, ಅಕ್ಟೋಬರ್ 30ರಂದು, ವಿಶ್ವವಿದ್ಯಾಲಯದ ಸುರಕ್ಷತಾ ತಪಾಸಣೆಯವರು ಅದೇ ಲ್ಯಾಬಿಗೆ ಬಂದಿದ್ದರು. ಕೆಲಸ ಮಾಡುವವರು ಲ್ಯಾಬ್ ಕೋಟ್ ಹಾಕುತ್ತಿಲ್ಲ ಅಂತ ಬರೆದುಕೊಂಡು ಹೋಗಿದ್ದರು. ಬೆಂಕಿ ಹಿಡಿಯುವ ದ್ರವಗಳನ್ನು ಇಟ್ಟ ರೀತಿ ಸೇರಿ ಇನ್ನೂ ಹಲವು ಕೊರತೆ ಪಟ್ಟಿಯಲ್ಲಿದ್ದವು. ಡಿಸೆಂಬರ್ 5ರೊಳಗೆ ಸರಿಪಡಿಸಬೇಕಿತ್ತು. ಲ್ಯಾಬ್ ಬೇರೆ ಜಾಗಕ್ಕೆ ಹೋಗುತ್ತದೆ ಅನ್ನುವ ಕಾರಣಕ್ಕೆ ಅದು ಮುಂದಕ್ಕೆ ಹೋಯಿತು. ಹೇಗೂ ಶಿಫ್ಟ್ ಆಗುತ್ತೀವಲ್ಲ, ಅಲ್ಲಿ ಹೋಗಿ ಮಾಡಿದರಾಯಿತು. ಈ ಮಾತನ್ನು ನಾನು ಎಷ್ಟು ಸಲ, ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಕೋಟ್ ಮಾತ್ರ ಶಿಫ್ಟಿಂಗ್‌ಗೆ ಕಾಯಬೇಕಾಗಿಲ್ಲ, ಅದು ಅಂದು ಸಂಜೆಯೇ ಅಂಗಡಿಯಲ್ಲಿ ಸಿಗುತ್ತದೆ.

ಬೆಂಕಿ ಕಂಡು ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ ಸಹೋದ್ಯೋಗಿ ಓಡಿ ಬಂದರು, ತಮ್ಮ ಕೋಟ್ ಬಿಚ್ಚಿ ಆಕೆಗೆ ಸುತ್ತಿ ಆರಿಸಲು ನೋಡಿದರು. ಸಿಂಕಿನ ನೀರು ತಂದು ಹಾಕಿದರು. ಸೇಫ್ಟಿ ಶವರ್ ಕೆಲವೇ ಅಡಿ ದೂರದಲ್ಲಿತ್ತು. ಅದರ ಕೆಳಗೆ ಆಕೆಯನ್ನು ಯಾರೂ ನಿಲ್ಲಿಸಲಿಲ್ಲ. ಆ ಸಹೋದ್ಯೋಗಿಗಳನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಕಣ್ಣೆದುರು ಮನುಷ್ಯರೊಬ್ಬರು ಉರಿಯುತ್ತಿದ್ದಾಗ ತಲೆ ಓಡುವುದಿಲ್ಲ, ಕಾಲು ಮಾತ್ರ ಓಡುತ್ತದೆ, ಅದು ಮೊದಲೇ ಅಭ್ಯಾಸ ಆದ ಕಡೆಗೇ ಓಡುತ್ತದೆ.

ಈ ಶವರ್ ವಿಷಯದಲ್ಲಿ ನಮ್ಮವರಿಗೆ ದೊಡ್ಡ ಗೊಂದಲ ಇದೆ. ಟಿ-ಬ್ಯೂಲಿಗೆ ನೀರು ತಾಗಬಾರದು ಅಂತ ಹೇಳಿಕೊಟ್ಟಿರುತ್ತೇವೆ, ಹಾಗಾಗಿ ಮೈಗೆ ಬೆಂಕಿ ಬಿದ್ದವರ ಮೇಲೂ ನೀರು ಹಾಕಬಾರದು ಅಂದುಕೊಂಡಿರುತ್ತಾರೆ. ಅದು ತಪ್ಪು. ಹುಡ್‌ನೊಳಗೆ ಚೆಲ್ಲಿದ ದ್ರಾವಣಕ್ಕೆ ನೀರು ಹಾಕಬಾರದು, ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಕೂಡ ಬೇಡ, ಯಾಕೆಂದರೆ ಆ ಅನಿಲದ ಜೊತೆಗೂ ಇದು ವರ್ತಿಸುತ್ತದೆ. ಅಲ್ಲಿಗೆ ಒಣ ಮರಳು, ಒಣ ಪುಡಿಯ ಎಕ್ಸ್‌ಟಿಂಗ್ವಿಷರ್, ಹುಡ್‌ನ ಗಾಜು ಕೆಳಗಿಳಿಸುವುದು. ಆದರೆ ಮನುಷ್ಯನ ಮೈಮೇಲೆ ಬಿದ್ದ ಟಿ-ಬ್ಯೂಲಿ ಕ್ಷಣದಲ್ಲಿ ಉರಿದು ಮುಗಿದಿರುತ್ತದೆ, ಆಮೇಲೆ ಉರಿಯುತ್ತಿರುವುದು ಸಾಲ್ವೆಂಟ್ ಮತ್ತು ಬಟ್ಟೆ. ಅದಕ್ಕೆ ನೀರೇ ಬೇಕು, ಧಾರಾಳವಾಗಿ ಬೇಕು. ನಿಯಮದ ಪ್ರಕಾರ ಇರುವ ಶವರ್ ನಿಮಿಷಕ್ಕೆ ಸುಮಾರು 75 ಲೀಟರ್ ಸುರಿಸುತ್ತದೆ, ಬಕೆಟ್ಟಿನಲ್ಲಿ, ಚೊಂಬಿನಲ್ಲಿ ಆ ಕೆಲಸ ಆಗುವುದಿಲ್ಲ. ನಿಂತ ಜಾಗದಿಂದ ಹತ್ತು ಸೆಕೆಂಡಿನಲ್ಲಿ ತಲುಪುವ ಹಾಗಿರಬೇಕು. ನಾನು ನೋಡಿದ ಒಂದು ಕಾಲೇಜಿನಲ್ಲಿ ಶವರ್ ಕೆಳಗೆ ಹಳೇ ಕುರ್ಚಿಗಳನ್ನು ಜೋಡಿಸಿಟ್ಟಿದ್ದರು, ಸರಪಳಿಯನ್ನು ಯಾರೂ ಎಳೆಯಬಾರದು ಅಂತ ಮೇಲಕ್ಕೆ ಸುತ್ತಿ ಕಟ್ಟಿದ್ದರು.

ಆಮೇಲೆ ಕಾನೂನಿನ ಕೆಲಸ ನಡೆಯಿತು. ಶೆರಿ ವಿದ್ಯಾರ್ಥಿನಿ ಆಗಿರಲಿಲ್ಲ, ಸಂಬಳದ ಉದ್ಯೋಗಿ ಆಗಿದ್ದಳು, ಅದಕ್ಕೇ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ ತನಿಖೆಗೆ ಬಂತು. 2009ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯಕ್ಕೆ 31,875 ಡಾಲರ್ ದಂಡ ಬಿತ್ತು. 2011ರ ಡಿಸೆಂಬರ್ ಕೊನೆಯಲ್ಲಿ ಲ್ಯಾಬ್‌ನ ಪ್ರಾಧ್ಯಾಪಕರ ಮೇಲೂ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಿದರು. ಆಡಳಿತ ಮಂಡಳಿ 2012ರಲ್ಲಿ ಒಪ್ಪಂದ ಮಾಡಿಕೊಂಡಿತು: ಲ್ಯಾಬ್‌ಗಳಲ್ಲಿ ಸುರಕ್ಷತೆಯ ಕಟ್ಟುನಿಟ್ಟು, ಮತ್ತು ಬರ್ಕ್ಲಿಯ ಲಾ ಸ್ಕೂಲ್‌ನಲ್ಲಿ ಶೆರಿಯ ಹೆಸರಲ್ಲಿ 5 ಲಕ್ಷ ಡಾಲರ್‌ನ ವಿದ್ಯಾರ್ಥಿವೇತನ. ಆಕೆ ಓದಬೇಕೆಂದಿದ್ದ ಓದು ಅದು. ಪ್ರಾಧ್ಯಾಪಕರ ಜೊತೆ 2014ರ ಜೂನ್‌ನಲ್ಲಿ, ತಪ್ಪೊಪ್ಪಿಗೆ ಇಲ್ಲದ ಒಪ್ಪಂದ ಆಯಿತು. ಅದರಂತೆ 800 ಗಂಟೆ ಸಮಾಜಸೇವೆ, ಆಕೆಗೆ ಚಿಕಿತ್ಸೆ ಕೊಟ್ಟ ಸುಟ್ಟಗಾಯದ ಆಸ್ಪತ್ರೆಗೆ 10,000 ಡಾಲರ್. ಆಕೆಯ ಮನೆಯವರಿಗೆ ಇದು ಯಾವುದೂ ಸಮಾಧಾನ ತರಲಿಲ್ಲ, ತರುವುದೂ ಸಾಧ್ಯವಿರಲಿಲ್ಲ.

ಇದು ಅಮೆರಿಕದ ಕಥೆ, ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. ಸರಿಯಾಗಿ ಒಂದು ವರ್ಷಕ್ಕೆ, 2009ರ ಡಿಸೆಂಬರ್ 29ರಂದು, ಮುಂಬೈನ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಒಂದು ಕೆಮಿಸ್ಟ್ರಿ ಲ್ಯಾಬ್‌ಗೆ ಬೆಂಕಿ ಬಿದ್ದು ಇಬ್ಬರು ಯುವ ಸಂಶೋಧಕರು ತೀರಿಕೊಂಡರು. 2018ರ ಡಿಸೆಂಬರ್ 5ರಂದು ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಲ್ಯಾಬ್‌ನಲ್ಲಿ ಸಿಲಿಂಡರ್ ಸ್ಫೋಟವಾಗಿ ಒಬ್ಬ ಸಂಶೋಧಕರು ಪ್ರಾಣ ಬಿಟ್ಟರು, ಮೂವರು ಗಾಯಗೊಂಡರು. ಅವು ಬೇರೆ ವಸ್ತು, ಬೇರೆ ಸಂದರ್ಭ, ಶೆರಿಯ ಪ್ರಕರಣದ ಜೊತೆ ಗಂಟು ಹಾಕುವುದಿಲ್ಲ. ಆದರೆ ಒಳ್ಳೆಯ ಸಂಸ್ಥೆ, ಬುದ್ಧಿವಂತ ಜನ, ಇಷ್ಟಿದ್ದರೆ ಸಾಕು ಅನ್ನುವ ನಂಬಿಕೆ ನನಗೆ ಉಳಿದಿಲ್ಲ.

ನಮ್ಮ ಹವೆಯ ಬಗ್ಗೆಯೂ ಹೇಳಬೇಕು. ಜೂನ್ ಜುಲೈ ಮಳೆಯಲ್ಲಿ ಗಾಳಿಯೆಲ್ಲ ಒದ್ದೆ. ಓವನ್‌ನಿಂದ ತೆಗೆದ ಗಾಜಿನ ಸಿರಿಂಜ್ ತಣ್ಣಗಾಗುವಷ್ಟರಲ್ಲಿ ತೇವ ಹಿಡಿಯುತ್ತದೆ, ಅದಕ್ಕೆ ನೈಟ್ರೋಜನ್ ಹರಿಸುತ್ತಲೇ ತಣಿಸಬೇಕು. ಫ್ರಿಜ್‌ನಿಂದ ತೆಗೆದ ಬಾಟಲಿಯ ಮೈಯೆಲ್ಲ ಬೆವರುತ್ತದೆ, ಒರೆಸದೆ ಸೂಜಿ ಚುಚ್ಚಿದರೆ ಮುಚ್ಚಳದ ಮೇಲಿನ ಹನಿ ಸೂಜಿಯ ಜೊತೆ ಒಳಗೆ ಹೋಗುತ್ತದೆ. ಮತ್ತೆ ಹಳೇ ಬಾಟಲಿ. ತಳದಲ್ಲಿ ಬೆರಳಷ್ಟು ಉಳಿದಿದೆ, ಸೆಪ್ಟಮ್ ಜರಡಿ ಆಗಿದೆ, ಖಾಲಿಯಾಯಿತು ಅಂತ ತೊಳೆಯಲು ಸಿಂಕಿಗೆ ಒಯ್ದರೆ ಅಲ್ಲೇ ಬೆಂಕಿ. ಅದನ್ನೂ ನೈಟ್ರೋಜನ್ ಕೆಳಗೆ, ತಣ್ಣಗಿನ ಬಾತ್‌ನಲ್ಲಿಟ್ಟು, ಹೆಪ್ಟೇನ್ ಅಥವಾ ಟಾಲ್ಯೂಯಿನ್ ಸೇರಿಸಿ ತೆಳು ಮಾಡಿ, ಐಸೊಪ್ರೊಪನಾಲ್ ಹನಿ ಹನಿಯಾಗಿ ಹಾಕಿ, ಗುಳ್ಳೆ ನಿಂತ ಮೇಲೆ ಮೆಥನಾಲ್, ಕೊನೆಗೆ ನೀರು. ಒಂದು ಗಂಟೆಯ ಕೆಲಸ. ಶುಕ್ರವಾರ ಸಂಜೆ ಬಸ್ಸಿಗೆ ಹೊತ್ತಾಗುವಾಗ ಶುರು ಮಾಡುವ ಕೆಲಸ ಅಲ್ಲ.

ಹೋದ ತಿಂಗಳು ಹಾಸನ ಕಡೆಯ ಒಬ್ಬ ಹುಡುಗಿ ನಮ್ಮಲ್ಲಿ ಸೇರಿದಳು. ಚುರುಕು. ಎರಡನೇ ವಾರಕ್ಕೇ, "ಸ್ಕೀಮ್‌ನಲ್ಲಿ ಮುಂದಿನ ಸ್ಟೆಪ್ ಬ್ಯೂಟೈಲ್ ಲಿಥಿಯಂ ಇದೆ, ಶನಿವಾರ ಬಂದು ಮುಗಿಸಿಬಿಡ್ಲಾ?" ಅಂತ ಕೇಳಿದಳು. ಶನಿವಾರ ನಮ್ಮ ಫ್ಲೋರ್‌ನಲ್ಲಿ ಸೆಕ್ಯೂರಿಟಿಯವರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಬೇಡಮ್ಮ, ಸೋಮವಾರ ಮಾಡೋಣ ಅಂದೆ. ಸೋಮವಾರ ಬೆಳಿಗ್ಗೆ 20 ಮಿ.ಲೀ. ಸಿರಿಂಜಿನ 10ರ ಗೆರೆಗೆ ಕೆಂಪು ಟೇಪ್ ಸುತ್ತಿ ಅವಳ ಕೈಗೆ ಕೊಟ್ಟು, ಖಾಲಿ ಬಾಟಲಿಗೆ ಹೆಕ್ಸೇನ್ ತುಂಬಿ ಕ್ಲ್ಯಾಂಪ್ ಮಾಡಿದೆ. ಮಧ್ಯಾಹ್ನ ಊಟದ ಹೊತ್ತಿಗೂ ಅವಳು ಅದನ್ನೇ ತೆಗೆಯುತ್ತಿದ್ದಳು. ಹನ್ನೊಂದನೇ ಸಲಕ್ಕೆ ಪ್ಲಂಜರ್ ತಾನಾಗಿ ಏರಿ ಬಂದು ಕೆಂಪು ಟೇಪಿನ ಹತ್ತಿರ, ಅವಳ ಹೆಬ್ಬೆರಳಿಗೆ ತಾಗಿ ನಿಂತಿತು.